ಕಾವಲಿಗೆ ಹೆಸರಿಲ್ಲ

ಸೋಮವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಕನ್ನಡಕದಂಗಡಿಯ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಇನ್‌ಸ್ಪೆಕ್ಟರು ಆಗ ಕೆಟ್ಟುಹೋದ ಫ್ಯಾನಿನ ಕೆಳಗೆ ಕೂತು, ವಾರದಿಂದ ಅದನ್ನು ರಿಪೇರಿ ಮಾಡಿಸದ ದಫೇದಾರರ ಮೇಲೆ ಎಗರಾಡುತ್ತಿದ್ದರು. ಅವಳನ್ನು ಕಂಡೊಡನೆ ದನಿ ತಗ್ಗಿಸಿದರು. ಹೋದ ತಿಂಗಳು ಇದೇ ಹೆಂಗಸು ಇದೇ ಮೇಜಿನ ಮುಂದೆ ಕೂತು, ಶವ ತನ್ನ ಗಂಡನದೇ ಎಂದು ಬರೆದ ಕಾಗದಕ್ಕೆ ಸಹಿ ಹಾಕಿ ಹೋಗಿದ್ದಳು.

"ಕೂತ್ಕೊಳ್ಳಮ್ಮ."

"ಕೂರೋಕೆ ಬಂದಿಲ್ಲ ಸಾರ್. ದೂರು ಕೊಡಬೇಕು."

"ಯಾರ ಮೇಲೆ?"

"ಅದೇ ಗೊತ್ತಿಲ್ಲ."

ದಫೇದಾರರು ಸುಮ್ಮನೆ ಒಮ್ಮೆ ಕೆಮ್ಮಿದರು. ಆ ಸಾವಿನ ಕಡತ ಕಟ್ಟಿ ಕಪಾಟಿಗೆ ಹಾಕಿದವರು ಅವರೇ. ಅಸ್ವಾಭಾವಿಕ ಮರಣ, ಆಕಸ್ಮಿಕ, ಯಾರ ಮೇಲೂ ಸಂಶಯವಿಲ್ಲ. ವಾರವಿಡೀ ಊರಿನವರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೂರಿಸುತ್ತಿದ್ದ ಮನುಷ್ಯ, ಅಂಗಡಿಗೆ ರಜೆಯಿದ್ದ ಬುಧವಾರ ಮಧ್ಯಾಹ್ನ ತನ್ನ ಪುಟ್ಟ ಹಾಯಿದೋಣಿ ಬಿಚ್ಚಿಕೊಂಡು ಕೊಲ್ಲಿಯಾಚೆಯ ಸಣ್ಣ ಬಂದರಿಗೆ ಹೊರಟ. ರಾತ್ರಿ ಅಲ್ಲೇ ದೋಣಿಯಲ್ಲಿ ಮಲಗಿ ಮರುದಿನ ವಾಪಸು ಬರುವುದು ಅವನ ರೂಢಿ. ಸಂಜೆ ಗಾಳಿ ತಿರುಗಿತು, ದೋಣಿ ಮಗುಚಿತು. ಗುರುವಾರ ಮಧ್ಯಾಹ್ನ ಮೀನುಗಾರರಿಗೆ ಸಿಕ್ಕಾಗ ಅವನು ಮಗುಚಿದ ದೋಣಿಯ ಬೆನ್ನಿಗೆ ಹಗ್ಗದಿಂದ ತನ್ನನ್ನು ತಾನೇ ಕಟ್ಟಿಕೊಂಡಿದ್ದ. ಗಾಳಿಯ ಮೇಲೆ ಎಫ್‌ಐಆರ್ ಹಾಕಲು ಬರುವುದಿಲ್ಲವಲ್ಲ.

"ಅವತ್ತು ಸಂಜೆ ಯಾರೋ ನನಗೆ ಸುಳ್ಳು ಹೇಳಿದ್ರು ಸಾರ್," ಎಂದಳು ಅವಳು. "ಅವರು ತಲುಪಿದ್ದಾರೆ ಅಂತ. ನಾನು ನಂಬಿ ಮಲಗಿಬಿಟ್ಟೆ."

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. "ಮೊದಲಿಂದ ಹೇಳಿ."

ಅವಳು ಹೇಳಿದಳು. ‘ಹಾಯಿಗೂಡು’ ಎಂದು ಆನ್‌ಲೈನಿನಲ್ಲಿ ಹಾಯಿದೋಣಿಯ ಹುಚ್ಚು ಹತ್ತಿದವರ ಒಂದು ಗುಂಪು. ಗಂಡನಿಗೆ ಅದೇ ಎರಡನೇ ಮನೆ. ಅಲ್ಲಿ ‘ಸಂಜೆ ಹಾಜರಿ’ ಎಂಬ ಪದ್ಧತಿಯಿತ್ತು. ಅಂದು ನೀರಿಗಿಳಿದವರೆಲ್ಲ ಸಂಜೆ ದಡ ಮುಟ್ಟಿದೊಡನೆ ‘ತಲುಪಿದೆ’ ಎಂದು ಬರೆಯಬೇಕು. ದಡದಲ್ಲಿ ಒಬ್ಬರು ಆ ಹಾಜರಿಯನ್ನು ಕಾಯುತ್ತಿರುತ್ತಾರೆ. ಎಂಟು ಗಂಟೆಯಾದರೂ ಯಾರದಾದರೂ ‘ತಲುಪಿದೆ’ ಬರದಿದ್ದರೆ ಕಾಯುವವರು ಫೋನ್ ಮಾಡಿ ನೋಡಿ, ಸಿಗದಿದ್ದರೆ ರಕ್ಷಣಾ ದೋಣಿಯವರಿಗೆ ತಿಳಿಸಬೇಕು. ಐದು ಜನ ಸರದಿಯಲ್ಲಿ ಈ ಕೆಲಸ ಮಾಡುತ್ತಾರೆ. ಐವರೂ ಬರೆಯುವುದು ಒಂದೇ ಖಾತೆಯಿಂದ. ಅದರ ಹೆಸರು ‘ಕಾವಲು’. ಇಂದು ಯಾರ ಸರದಿ ಎಂದು ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಬದುಕುಳಿದವರು ಉಳಿಸಿದವರ ಋಣದಲ್ಲಿ ಬೀಳಬಾರದು, ಉಳಿಸಿದವರು ಎದೆ ತಟ್ಟಿಕೊಳ್ಳಬಾರದು ಎಂದು ಹಿಂದಿನವರು ಮಾಡಿಟ್ಟ ಕಟ್ಟಳೆ.

"ಎಂಟಾದ್ರೂ ಅವರ ಹಾಜರಿ ಬರ್ಲಿಲ್ಲ ಸಾರ್. ಆ ಬಂದರಲ್ಲಿ ಒಮ್ಮೊಮ್ಮೆ ಮೊಬೈಲ್ ಸಿಗ್ನಲ್ ಸಿಗಲ್ಲ, ಅದು ಗೊತ್ತಿತ್ತು. ಆದ್ರೂ ಮನಸ್ಸು ತಡೀಲಿಲ್ಲ. ರಕ್ಷಣಾ ದೋಣಿಯವರ ನಂಬರ್ ಒತ್ತೋಕೆ ಹೋಗಿದ್ದೆ. ಅಷ್ಟರಲ್ಲಿ ಕಾವಲು ಬರೀತು."

"ಏನಂತ?"

"ಕನ್ನಡಕ ತಲುಪಿದ್ದಾರೆ, ಬಂದರಿನ ಫೋನಲ್ಲಿ ಮಾತಾಡಿದೆ, ಎಲ್ಲರೂ ನೆಮ್ಮದಿಯಾಗಿ ಮಲಗಿ ಅಂತ." ಅಲ್ಲಿ ಎಲ್ಲರಿಗೂ ಅಡ್ಡಹೆಸರು, ಅವಳ ಗಂಡ ‘ಕನ್ನಡಕ’.

"ಅದು ಈಗಲೂ ಇದೆಯಾ?"

"ಅಳಿಸಿದ್ದಾರೆ."

"ಫೋಟೋ ತೆಗೆದಿಟ್ಕೊಂಡಿಲ್ವಾ?"

"ಗಂಡ ದಡ ಮುಟ್ಟಿದ ಅಂತ ಬರೆದಿದ್ದನ್ನ ಯಾರಾದ್ರೂ ಸಾಕ್ಷಿಗೆ ಅಂತ ಎತ್ತಿಟ್ಕೋತಾರಾ ಸಾರ್?"

ಅವಳು ಈಗ ಕುರ್ಚಿಯ ತುದಿಯಲ್ಲಿ ಕೂತಳು.

"ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವತ್ತಿಂದ ಒಂದೇ ಒಂದು ಸಲ ಮಾತಾಡಿದ್ದು. ‘ಗಂಡ ನೀರಲ್ಲಿ ಬಿದ್ದಿರುವಾಗ ನಿನಗೆ ನಿದ್ದೆ ಹೇಗೆ ಬಂತು?’ ಅಂದ್ರು. ಹೀಗೆ ಬರೆದಿದ್ರು ಅತ್ತೆ ಅಂದೆ. ತೋರಿಸು ಅಂದ್ರು. ಎಲ್ಲಿಂದ ತೋರಿಸ್ಲಿ? ಈಗೀಗ ನನಗೇ ಅನುಮಾನ ಶುರುವಾಗಿದೆ. ಅದನ್ನ ನಿಜವಾಗ್ಲೂ ಓದಿದ್ನೋ, ನಿದ್ದೆ ಮಾಡೋಕೆ ನಾನೇ ಒಂದು ನೆಪ ಹುಡುಕ್ಕೊಂಡ್ನೋ ಅಂತ. ಅದೊಂದು ಹುಡುಕಿ ಕೊಡಿ ಸಾರ್. ನನಗೆ ಬೇರೇನೂ ಬೇಡ."

ದೂರು ಬರೆಸಿಕೊಂಡರು. ಅಂದೇ ಎಫ್‌ಐಆರ್ ದಾಖಲಾಯಿತು: ಅಪರಿಚಿತ ಆರೋಪಿ, ಸುಳ್ಳು ಮಾಹಿತಿ ನೀಡಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು, ಸಾಕ್ಷ್ಯನಾಶ. ಅವಳು ಹೋದ ಮೇಲೆ ಇನ್‌ಸ್ಪೆಕ್ಟರು ಫ್ಯಾನಿನ ವಿಷಯ ಮತ್ತೆ ಎತ್ತಲಿಲ್ಲ.

*

ನೀರಿಗೂ ಇನ್‌ಸ್ಪೆಕ್ಟರಿಗೂ ಎಣ್ಣೆ ಸೀಗೆಕಾಯಿ. ಹಡಗಿನ ಚಿತ್ರ ಕಂಡರೂ ಹೊಟ್ಟೆ ತೊಳಸುತ್ತದೆ ಎಂದು ಅವರ ಹೆಂಡತಿ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಹಾಗಾಗಿ ಹಾಯಿಗೂಡಿನೊಳಗೆ ಇಣುಕುವ ಕೆಲಸ ಮಹಿಳಾ ಪೇದೆಯ ಪಾಲಿಗೆ ಬಂತು. ಅವಳು ದೂರುದಾರಳ ಫೋನಿನಿಂದಲೇ ಒಳಗೆ ಹೋಗಿ ಅಂದು ಮಧ್ಯಾಹ್ನವಿಡೀ ಓದಿದಳು. ಸಂಜೆ ಚಹಾ ಕುಡಿಯುವಾಗ ವರದಿ ಒಪ್ಪಿಸಿದಳು.

"ಬಾಗಿಲಲ್ಲೇ ನಿಯಮ ಹಾಕಿದ್ದಾರೆ ಸಾರ್. ಕೇಳದೆ ಬುದ್ಧಿ ಹೇಳಬಾರದು. ಇನ್ನೊಬ್ಬರ ದೋಣಿ ಹಳಿಯಬಾರದು. ಕಾಣದ ಗಾಳಿನ ಕಂಡ ಹಾಗೆ ಬರೀಬಾರದು. ಕಾವಲಿಗೆ ಹೆಸರಿಲ್ಲ. ಕೊನೇದು, ತಮಾಷೆಗೆ ಬೇಜಾರು ಮಾಡ್ಕೋಬಾರದು."

"ಇಷ್ಟು ಶಿಸ್ತು ನಮ್ಮ ಠಾಣೆಯಲ್ಲೂ ಇಲ್ವಲ್ಲರೀ," ಎಂದರು ಇನ್‌ಸ್ಪೆಕ್ಟರು ದಫೇದಾರರ ಕಡೆ ನೋಡಿ.

"ಇನ್ನೊಂದಿದೆ ಸಾರ್," ಪೇದೆ ಫೋನು ಮುಂದೆ ಹಿಡಿದಳು. "ಸಾಯೋಕೆ ಒಂದು ತಿಂಗಳು ಮುಂಚಿನದು. ಇದನ್ನ ಯಾರೂ ಅಳಿಸಿಲ್ಲ."

ಅದೊಂದು ನಗೆಯ ಸಂತೆ. ಆ ತಿಂಗಳೂ ಕನ್ನಡಕದ ಹಾಜರಿ ಬಂದಿರಲಿಲ್ಲ. ಅವನ ಫೋನಿಗೆ ಸಿಗ್ನಲ್ ಇಲ್ಲ, ಬಂದರಿನ ಫೋನು ಯಾರೂ ಎತ್ತಲಿಲ್ಲ. ಕಾವಲಿನಲ್ಲಿದ್ದವರು ನಿಯಮದಂತೆ ರಕ್ಷಣಾ ದೋಣಿ ಕಳಿಸಿದರು. ದೋಣಿ ಹೋಗಿ ದೊಡ್ಡ ದೀಪ ಬಿಟ್ಟು ನೋಡಿದರೆ, ಕನ್ನಡಕ ಬಂದರಿನಲ್ಲಿ ದೋಣಿ ಕಟ್ಟಿ, ಟವೆಲು ಸುತ್ತಿಕೊಂಡು, ತುತ್ತು ಬಾಯಿಗಿಡುತ್ತಿದ್ದ. ರಕ್ಷಣೆಯವರು ಸಿಟ್ಟಿಗೆದ್ದು, ಕರೆ ಮಾಡಿದವರು ನಾಳೆ ಬಂದು ಹೇಳಿಕೆ ಕೊಡಲಿ ಎಂದರು. ಅಲ್ಲಿಗೆ ಹೆಸರಿಲ್ಲದ ಕಾವಲಿಗೆ ಹೆಸರು ಬಂತು: ಶಾಲೆಯೊಂದರ ಸಂಗೀತ ಮೇಷ್ಟ್ರು. ಮರುದಿನ ಕನ್ನಡಕ ತಾನೇ ಬರೆದ: "ನನ್ನ ಊಟಕ್ಕೆ ಸರ್ಚ್‌ಲೈಟ್ ಹಿಡಿಸಿದ ಗಾಬರಿ ಮೇಷ್ಟ್ರಿಗೆ ನಮಸ್ಕಾರ." ಅದರ ಕೆಳಗೆ ಜನ ನಕ್ಕದ್ದೇ ನಕ್ಕದ್ದು. ಟವೆಲಿನ ಚಿತ್ರಗಳು, ದೀಪದ ಚಿತ್ರಗಳು. ‘ಗಾಬರಿ ಮೇಷ್ಟ್ರು’ ಎಂಬ ಹೆಸರು ಅಂಟಿಕೊಂಡಿತು. ತೀರ ಕೊನೆಯಲ್ಲಿ ಮೇಷ್ಟ್ರದೇ ಒಂದು ಉತ್ತರ; ಬರಿಯ ನಗುವ ಮುಖ.

"ಸೇಡು ಸಾರ್," ಎಂದರು ದಫೇದಾರರು. "ಇನ್ನೇನು, ಹೋಗಿ ಎತ್ತಾಕ್ಕೊಂಡು ಬರೋದೇ."

"ಐದು ಜನ ಇದ್ದಾರೆ ದಫೇದಾರ್ರೇ. ಒಬ್ಬನನ್ನ ನೋಡಿ ಜನ ನಕ್ಕರು ಅಂದ ಮಾತ್ರಕ್ಕೆ ಅವನೇ ಕೊಲೆಗಾರ ಆಗಲ್ಲ. ಹಾಗಿದ್ದಿದ್ರೆ ನೀವು ನನ್ನನ್ನ ಯಾವತ್ತೋ ಮುಗಿಸಿಬಿಡ್ತಿದ್ರಿ."

*

ಗುಂಪಿನ ಅಡ್ಮಿನ್ ಒಬ್ಬ ಹಲ್ಲಿನ ಡಾಕ್ಟರು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್‌ಸ್ಪೆಕ್ಟರು, ಪೇದೆ ಇಬ್ಬರೂ ಅವರ ಕ್ಲಿನಿಕ್ಕಿಗೆ ಹೋದರು. ಗೋಡೆಯ ತುಂಬ ಹಾಯಿದೋಣಿಯ ಚಿತ್ರಗಳಿದ್ದವು. ಇನ್‌ಸ್ಪೆಕ್ಟರು ಅವಕ್ಕೆ ಬೆನ್ನು ಹಾಕಿ ಕೂತರು.

"ಕಾವಲು ಬರೆದದ್ದನ್ನ ಅಳಿಸಿದ್ದು ಯಾರು?"

"ನೋಡಿ, ಅಲ್ಲಿ ದಿನಾ ಎಷ್ಟೋ ಬರಹ ಬರ್ತವೆ, ಹೋಗ್ತವೆ..."

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ ಡಾಕ್ಟ್ರೇ. ಯಾರು ಅಳಿಸಿದ್ದು?"

ಡಾಕ್ಟರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. "ನಾನೇ."

"ಯಾಕೆ?"

"ಗೌರವಕ್ಕೆ. ಸತ್ತವರ ಬಗ್ಗೆ ಜನ ಬಾಯಿಗೆ ಬಂದ ಹಾಗೆ ಬರೆಯೋಕೆ ಶುರು ಮಾಡ್ತಾರೆ."

"ಯಾರ ಗೌರವಕ್ಕೆ?"

ಡಾಕ್ಟರು ತಟ್ಟೆಯಲ್ಲಿದ್ದ ಚಿಮಟಗಳನ್ನು ಸಾಲಾಗಿ ಜೋಡಿಸತೊಡಗಿದರು.

"ಏನು ಬರೆದಿತ್ತು ಅಂತ ನೆನಪಿದೆಯಾ?"

"ತಲುಪಿದ್ದಾರೆ ಅಂತ... ಹಾಗೇ ಏನೋ."

"ತಲುಪಿರಲಿಲ್ಲ ಅಂತ ನಿಮಗೆ ಗೊತ್ತಾಗಿತ್ತು. ಆಮೇಲೆ ಅಳಿಸಿದ್ರಿ."

"ಇಪ್ಪತ್ತು ವರ್ಷದ ಗುಂಪು ಸಾರ್ ಇದು. ಎಷ್ಟೋ ಜೀವ ಉಳಿಸಿದೆ. ಒಂದು ತಪ್ಪಿಗೆ ಎಲ್ಲಾ ಹಾಳಾಗಬಾರದು ಅಂತ."

"ಅವರ ಹೆಂಡತಿ ನಿಮ್ಮನ್ನ ಕೇಳಿದ್ರಾ?"

"ಕೇಳಿದ್ರು."

"ಏನಂದ್ರಿ?"

ಡಾಕ್ಟರ ದನಿ ಇಳಿಯಿತು. "ಅಂಥದ್ದು ನನ್ನ ಗಮನಕ್ಕೆ ಬಂದಿಲ್ಲ ಅಂದೆ."

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಆ ಹೆಂಗಸು ತನಗೇ ಭ್ರಮೆ ಹಿಡಿಯಿತೇನೋ ಎಂದು ಕೊರಗುತ್ತಿರುವುದು ಈ ಮನುಷ್ಯನ ಒಂದು ನಾಜೂಕು ಮಾತಿನಿಂದ. ಆದರೆ ಅವರು ದನಿ ಏರಿಸಲಿಲ್ಲ, ನೋಟಿಸು ಮುಂದಿಟ್ಟರು. ಡಾಕ್ಟರು ಐದು ಹೆಸರು ಬರೆದುಕೊಟ್ಟರು. ಆ ಬುಧವಾರ ಯಾರ ಸರದಿಯಿತ್ತೆಂದು ತನಗೂ ಗೊತ್ತಿಲ್ಲ, ಐವರೇ ತಮ್ಮ ತಮ್ಮಲ್ಲಿ ಹಂಚಿಕೊಳ್ಳುತ್ತಾರೆ ಎಂದರು. ಅದಂತೂ ನಿಜವೇ ಆಗಿತ್ತು. ಅಳಿಸಿದ ಬರಹದ ಪ್ರತಿ ಮತ್ತು ಅದನ್ನು ಯಾವ ಫೋನಿನಿಂದ ಬರೆದದ್ದೆಂಬ ವಿವರ ಕೋರಿ, ಗುಂಪನ್ನು ನಡೆಸುವ ಸರ್ವರಿನ ಕಂಪನಿಗೆ ಅಂದು ಮಧ್ಯಾಹ್ನವೇ ಪತ್ರ ಹೋಯಿತು.

*

ಬುಧವಾರ ಕೊಲ್ಲಿ ಸುತ್ತಿಕೊಂಡು ರಸ್ತೆಯಲ್ಲೇ ಸಣ್ಣ ಬಂದರಿಗೆ ಹೋದರು. ದೋಣಿಯಲ್ಲಾದರೆ ಮುಕ್ಕಾಲು ಗಂಟೆ ಉಳಿಯುತ್ತದೆ ಎಂದ ದಫೇದಾರರಿಗೆ ಇನ್‌ಸ್ಪೆಕ್ಟರು ಜೀಪಿನ ಬಾಗಿಲು ತೆಗೆದು ತೋರಿಸಿದರು. ಬಂದರೆಂದರೆ ಒಂದು ಕಲ್ಲಿನ ಕಟ್ಟೆ, ಏಳೆಂಟು ದೋಣಿ, ಒಂದು ತಗಡಿನ ಕಚೇರಿ, ಕಚೇರಿಯೊಳಗೆ ಗೋಡೆಗೆ ಮೊಳೆ ಹೊಡೆದ ಒಂದು ಫೋನು. ಆ ಫೋನಿನ ಕರೆ ವಿವರ ಮೊದಲೇ ತರಿಸಿಯಾಗಿತ್ತು. ಆ ಬುಧವಾರ ಸಂಜೆ ಐದರ ನಂತರ ಅದರಲ್ಲಿ ಯಾರೂ ಯಾರೊಂದಿಗೂ ಮಾತಾಡಿರಲಿಲ್ಲ. ಇಬ್ಬರು ಪಂಚರ ಸಮಕ್ಷಮ ಸ್ಥಳದ ಪಂಚನಾಮೆ ಮಾಡಿ ಬಂದರಿನ ಕಾವಲುಗಾರನನ್ನು ಕೂರಿಸಿಕೊಂಡರು.

"ಸಂಜೆ ಎಷ್ಟೊತ್ತಿಗೆ ಗೇಟಿಗೆ ಬೀಗ ಹಾಕ್ತೀರಿ?"

"ಏಳಕ್ಕೆ ಸಾರ್. ಆಮೇಲೆ ಇಲ್ಲಿ ನಾಯಿನೂ ಇರಲ್ಲ."

"ಆ ಬುಧವಾರ ಕನ್ನಡಕದಂಗಡಿಯವರ ದೋಣಿ ಬಂತಾ?"

"ಇಲ್ಲ ಸಾರ್. ಬಂದಿದ್ರೆ ಬೆಳಿಗ್ಗೆ ಕಾಣ್ತಿತ್ತಲ್ಲ. ಇದನ್ನೇ ಆ ಮನುಷ್ಯನೂ ಕೇಳಿದ."

ಇನ್‌ಸ್ಪೆಕ್ಟರು ಮುಂದಕ್ಕೆ ಬಾಗಿದರು. "ಯಾವ ಮನುಷ್ಯ?"

"ಗುರುವಾರ ಬೆಳಿಗ್ಗೆ ಬೀಗ ತೆಗೀಬೇಕಾದ್ರೆ ಗೇಟಲ್ಲೇ ನಿಂತಿದ್ದ. ಸ್ಕೂಟರಲ್ಲಿ ಬಂದಿದ್ದ. ಓಡ್ಹೋಗಿ ಕಟ್ಟೆ ತುದಿಯಲ್ಲಿ ನಿಂತ. ‘ರಾತ್ರಿ ಯಾವುದಾದ್ರೂ ದೋಣಿ ಬಂತಾ?’ ಅಂದ. ಇಲ್ಲ ಅಂದೆ. ಅಲ್ಲೇ ಕೂತ್ಬಿಟ್ಟ. ಹುಷಾರಿಲ್ವಾ ಅಂತ ಕೇಳಿ ನೀರು ಕೊಟ್ಟೆ. ಕುಡೀಲಿಲ್ಲ, ಎದ್ದು ಹೋದ."

"ಗುರುತು ಹಿಡೀತೀರಾ?"

"ಹಿಡೀತೀನಿ ಸಾರ್. ಬೆನ್ನ ಮೇಲೆ ಪಿಟೀಲಿನ ಪೆಟ್ಟಿಗೆ ಹಾಕ್ಕೊಂಡಿದ್ದ."

ದಫೇದಾರರು ಗೆದ್ದ ಮುಖದಿಂದ ಇನ್‌ಸ್ಪೆಕ್ಟರ ಕಡೆ ನೋಡಿದರು. ಇನ್‌ಸ್ಪೆಕ್ಟರು ನೀರಿನ ಕಡೆ ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಓಡುತ್ತಿದ್ದದ್ದು ಮರಣೋತ್ತರ ಪರೀಕ್ಷೆಯ ವರದಿ. ಚಳಿ ಮತ್ತು ಬಳಲಿಕೆಯಿಂದ ಸಾವು, ಗುರುವಾರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ. ಕಾವಲುಗಾರ ಬೀಗ ತೆಗೆಯುವುದು ಆರಕ್ಕೆ. ನಡುವೆ ನಾಲ್ಕು ಗಂಟೆ. ಸೇಡಿನವನು ಬೆಳಕು ಹರಿಯುವ ಮುಂಚೆ ಎದ್ದು ನೋಡಲು ಓಡಿ ಬರುವುದಿಲ್ಲ, ಕೊಟ್ಟ ನೀರನ್ನೂ ಕುಡಿಯದೆ ಎದ್ದು ಹೋಗುವುದಿಲ್ಲ. ಮತ್ತೆ ಇದೇನು?

ಶುಕ್ರವಾರ ಸರ್ವರಿನ ಕಂಪನಿಯಿಂದ ಉತ್ತರ ಬಂತು. ಅಳಿಸಿದ ಬರಹ ಅಕ್ಷರ ಅಕ್ಷರ ಸಹಿತ ಇತ್ತು, ಆ ಹೆಂಗಸು ಹೇಳಿದ ಹಾಗೆಯೇ. ಬರೆದದ್ದು ಆ ಬುಧವಾರ ರಾತ್ರಿ ಎಂಟು ಇಪ್ಪತ್ತಕ್ಕೆ, ಸಂಗೀತ ಮೇಷ್ಟ್ರ ಫೋನಿನಿಂದ. ಕೆಳಗೆ ಒಂದೇ ಒಂದು ಉತ್ತರವಿತ್ತು, ಅದು ಅವಳದೇ. "ಬದುಕಿಕೊಂಡೆ ಕಾವಲು. ನಿಮ್ಮ ಹೊಟ್ಟೆ ತಣ್ಣಗಿರಲಿ." ಮಹಿಳಾ ಪೇದೆ ಅದನ್ನು ಜೋರಾಗಿ ಓದುತ್ತಾ ಹೋದವಳು ಅಲ್ಲಿಗೆ ಬಂದಾಗ ನಿಲ್ಲಿಸಿದಳು.

*

ಶಾಲೆ ಬಿಟ್ಟ ಮೇಲೆ ಹೋಗೋಣ ಎಂದರು ಇನ್‌ಸ್ಪೆಕ್ಟರು. ಮಕ್ಕಳ ಮುಂದೆ ಬೇಡ.

ಸಂಗೀತದ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಸಣ್ಣ ಸಣ್ಣ ಕುರ್ಚಿಗಳನ್ನು ಮೇಷ್ಟ್ರು ಒಂದರ ಮೇಲೊಂದು ಜೋಡಿಸುತ್ತಿದ್ದರು. ನಲವತ್ತರ ಆಸುಪಾಸು, ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಅಂಗಿ. ಪೊಲೀಸರನ್ನು ಕಂಡು ಬೆಚ್ಚಲಿಲ್ಲ. ಕೈಯಲ್ಲಿದ್ದ ಕುರ್ಚಿಯನ್ನು ಜಾಗದಲ್ಲಿಟ್ಟು, "ಬಂದ್ರಾ," ಎಂದರು, ಕಾದು ಕೂತವರಂತೆ.

"ಆ ಬುಧವಾರ ಕಾವಲು ನಿಮ್ಮದಾ?"

"ನನ್ನದೇ."

"ಬಂದರಿನ ಫೋನಲ್ಲಿ ಮಾತಾಡಿದೆ ಅಂತ ಬರೆದ್ರಿ. ಮಾತಾಡಿದ್ರಾ?"

"ಇಲ್ಲ."

"ಫೋನ್ ಮಾಡಿದ್ರಾ?"

"ಮೂರು ಸಲ ಅವರ ಮೊಬೈಲಿಗೆ. ಮೂರು ಸಲ ಬಂದರಿಗೆ. ಯಾರೂ ಎತ್ತಲಿಲ್ಲ."

"ಮತ್ತೆ ಯಾಕೆ ಹಾಗೆ ಬರೆದ್ರಿ?"

ಮೇಷ್ಟ್ರು ಕಿಟಕಿಗೆ ಒರಗಿ ನಿಂತರು. "ಹೋದ ಸಲವೂ ಹೀಗೇ ಆಗಿತ್ತು ಸಾರ್. ಅದೇ ಮನುಷ್ಯ, ಅದೇ ಬಂದರು, ಅದೇ ಫೋನು. ಈ ಸಲವೂ ಅಲ್ಲೇ ಕೂತು ಊಟ ಮಾಡ್ತಿರ್ತಾರೆ ಅನ್ನಿಸ್ತು. ಖಂಡಿತ ಹಾಗೇ ಅನ್ನಿಸ್ತು."

"ಅನ್ನಿಸಿದ್ರೆ, ಸಿಗ್ತಿಲ್ಲ ಅಂತಷ್ಟೇ ಬರೀಬಹುದಿತ್ತಲ್ಲ."

"ಬರೆದಿದ್ರೆ ರಕ್ಷಣಾ ದೋಣಿ ಕಳಿಸ್ಲೇಬೇಕು. ಕಳಿಸಿ, ಮತ್ತೆ ಅವರು ಟವೆಲು ಸುತ್ಕೊಂಡು ಕೂತಿದ್ರೆ?" ಕಿಟಕಿಯ ಚಿಲಕ ಹಾಕಿದರು. "ಆ ಗುಂಪಿನಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ಅಪ್ಪನೂ ಇದ್ದಾರೆ. ಮಾರನೇ ವಾರ ನಾನು ಕ್ಲಾಸಿಗೆ ಬಂದಾಗ ಹಲಗೆ ಮೇಲೆ ದೋಣಿ ಬರೆದಿತ್ತು. ‘ಗಾಬರಿ’ ಅಂತ ಹಿಂದಿನ ಸಾಲಿಂದ ಯಾರೋ ಕೂಗಿದ್ರು. ಎಲ್ಲಾ ನಕ್ಕರು. ನಾನೂ ನಕ್ಕೆ. ನಗಬೇಕಲ್ಲ ಸಾರ್, ತಮಾಷೆಗೆ ಬೇಜಾರು ಮಾಡ್ಕೋಬಾರದಲ್ಲ. ಟೀಚರುಗಳ ಕೋಣೆಯಲ್ಲಿ ನಕ್ಕೆ, ಗುಂಪಿನಲ್ಲಿ ನಕ್ಕೆ. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಿದ್ದೆ. ಪಿಟೀಲು ಹಿಡಿಯೋಕೆ ಆಗ್ತಿರಲಿಲ್ಲ. ಇನ್ನೊಂದು ಸಲ ಅದನ್ನ ತಡ್ಕೊಳ್ಳೋ ಶಕ್ತಿ ನನ್ನಲ್ಲಿರಲಿಲ್ಲ."

"ಅವರ ಮೇಲೆ ಸಿಟ್ಟಿತ್ತಾ?"

"ಕನ್ನಡಕದ ಮೇಲಾ? ಇಲ್ಲ ಸಾರ್. ಒಳ್ಳೇ ಮನುಷ್ಯ. ನಗಿಸೋಕೆ ಹೇಳಿದ್ರು, ನೋಯಿಸೋಕಲ್ಲ."

ಬರೆದುಕೊಳ್ಳುತ್ತಿದ್ದ ದಫೇದಾರರ ಕೈ ನಿಧಾನವಾಯಿತು. ಇನ್‌ಸ್ಪೆಕ್ಟರು ಮಕ್ಕಳ ಕುರ್ಚಿಯೊಂದನ್ನು ಎಳೆದು ಕೂತರು. ಮೊಣಕಾಲು ಎದೆಗೆ ಬಂತು, ಆದರೂ ಕೂತರು.

"ಗುರುವಾರ ಬೆಳಿಗ್ಗೆ ಬಂದರಿಗೆ ಹೋದ್ರಿ."

"ಹೋದೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ದೋಣಿ ಕಣ್ಣಾರೆ ಕಂಡುಬಿಟ್ರೆ ಸಾಕು, ಬರೆದಿದ್ದು ಸುಳ್ಳಾದ್ರೂ ನಿಜ ಆಗುತ್ತೆ ಅಂತ ಹೋದೆ."

"ದೋಣಿ ಇರಲಿಲ್ಲ."

"ಇರಲಿಲ್ಲ."

"ಬೇರೆಲ್ಲೋ ಕಟ್ಟಿರಬಹುದು ಅಂದ್ಕೊಂಡ್ರಾ?"

"ಹಾಗೆ ಅಂದ್ಕೊಂಡೆ ಅಂತ ಇಷ್ಟು ದಿನ ನನಗೇ ಹೇಳ್ಕೋತಿದ್ದೆ." ಮೇಷ್ಟ್ರು ತಲೆಯಾಡಿಸಿದರು. "ಇಲ್ಲ ಸಾರ್. ಗೊತ್ತಾಯ್ತು. ಆ ಕಟ್ಟೆ ಮೇಲೆ ನಿಂತ ಗಳಿಗೆಯಲ್ಲೇ ಗೊತ್ತಾಯ್ತು."

"ಆಗಲಾದ್ರೂ ರಕ್ಷಣೆಯವರಿಗೆ ಫೋನ್ ಮಾಡಬಹುದಿತ್ತು."

"ಫೋನ್ ಕೈಯಲ್ಲೇ ಇತ್ತು. ‘ಮಾತಾಡಿದೆ’ ಅಂತ ಬರೆದಿದ್ನಲ್ಲ ಸಾರ್. ರಾತ್ರಿ ಮಾತಾಡಿದವನು ಬೆಳಿಗ್ಗೆ ಕಾಣ್ತಿಲ್ಲ ಅಂತ ಹೇಗೆ ಹೇಳ್ಲಿ? ಸ್ಕೂಲಿಗೆ ಬಂದೆ. ಎಂಟೂವರೆಗೆ ಮೊದಲನೇ ಪೀರಿಯಡ್. ಹಾಡಿಸಿದೆ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಇಲ್ಲಿ ಆಡಿದ ಒಂದು ಮಾತನ್ನು ಉಳಿಸಿಕೊಳ್ಳಲು ಒಂದು ಜೀವವೇ ಹೋಗಿತ್ತು. ಇನ್‌ಸ್ಪೆಕ್ಟರಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಒಂದು ಬಗೆಯ ಸಂಕಟ. ಕೊನೆಗೆ ಅವರು ಕೇಳಬೇಕಾದ್ದನ್ನೇ ಕೇಳಿದರು.

"ಈ ಕಾವಲಿನ ಕೆಲಸಕ್ಕೆ ನೀವು ಯಾಕೆ ಸೇರಿದ್ರಿ?"

ಮೇಷ್ಟ್ರು ಮೊದಲ ಸಲ ಅವರ ಮುಖವನ್ನು ನೇರ ನೋಡಿದರು.

"ಎಂಟು ವರ್ಷದ ಹಿಂದೆ ನನ್ನ ದೋಣಿನೂ ಮಗುಚಿತ್ತು ಸಾರ್. ನಾನೂ ಹಾಗೇ ಅದರ ಬೆನ್ನು ಹಿಡ್ಕೊಂಡು ಬಿದ್ದಿದ್ದೆ. ಹೆದರಿಕೆ ಆಗಲಿಲ್ಲ. ಎಂಟು ಗಂಟೆ ಆಗುತ್ತೆ, ನನ್ನ ಹಾಜರಿ ಬರಲ್ಲ, ಕಾವಲು ನೋಡುತ್ತೆ, ಬಂದೇ ಬರ್ತಾರೆ ಅಂತ ಎಣಿಸ್ಕೊಂಡಿದ್ದೆ. ಬಂದ್ರು. ಅವತ್ತು ಕಾವಲಿನಲ್ಲಿ ಯಾರಿದ್ರು ಅಂತ ಇವತ್ತಿಗೂ ಗೊತ್ತಿಲ್ಲ. ಯಾರ ಕಾಲು ಮುಟ್ಟೋದು? ಅದಕ್ಕೆ ನಾನೂ ಕಾವಲಿಗೆ ಸೇರ್ಕೊಂಡೆ." ಅವರು ಕಿಟಕಿಯ ಕಡೆ ತಿರುಗಿದರು. "ಅವರೂ ಹಾಗೇ ಎಣಿಸಿರ್ತಾರೆ ಸಾರ್. ಬಂದೇ ಬರ್ತಾರೆ ಅಂತ."

ಸಂಜೆ ಐದೂಕಾಲಕ್ಕೆ ದಸ್ತಗಿರಿ ಆಯಿತು. ಮೇಷ್ಟ್ರು ಉಳಿದ ಕುರ್ಚಿಗಳನ್ನೂ ಜೋಡಿಸಿ ಬರಲೇ ಎಂದು ಕೇಳಿದರು. ಇನ್‌ಸ್ಪೆಕ್ಟರು ಆಗಲಿ ಎಂದರು. ದಫೇದಾರರೂ ಒಂದೆರಡು ಎತ್ತಿಟ್ಟರು. ಸಾಕ್ಷ್ಯ ಅಳಿಸಿದ್ದಕ್ಕೆ ಹಲ್ಲಿನ ಡಾಕ್ಟರನ್ನು ಎರಡನೇ ಆರೋಪಿ ಮಾಡಿದರು. ಆರೋಪಪಟ್ಟಿಯಲ್ಲಿ ಉದ್ದೇಶದ ಕಾಲಮ್ಮಿಗೆ ಬಂದಾಗ ಇನ್‌ಸ್ಪೆಕ್ಟರು ಬಹಳ ಹೊತ್ತು ಪೆನ್ನು ಹಿಡಿದು ಕೂತರು. ದ್ವೇಷವಿಲ್ಲ, ಲಾಭವಿಲ್ಲ. ಕಡೆಗೆ, ‘ಮತ್ತೊಮ್ಮೆ ನಗೆಪಾಟಲಿಗೆ ಈಡಾಗುವ ಭಯ’ ಎಂದು ಬರೆದರು. ನೌಕರಿಯಲ್ಲಿ ಅವರು ಬರೆದ ಉದ್ದೇಶಗಳಲ್ಲಿ ಇಷ್ಟು ಸಣ್ಣದು ಬೇರೆ ಇರಲಿಲ್ಲ.

*

ಶನಿವಾರ ಬೆಳಿಗ್ಗೆ ಅವರು ಮಹಿಳಾ ಪೇದೆಯನ್ನು ಕರೆದುಕೊಂಡು ಕನ್ನಡಕದಂಗಡಿಯ ಮೇಲಿನ ಮನೆಗೆ ಹೋದರು. ಹೆಂಗಸು ಬಾಗಿಲು ತೆಗೆದಳು. ಒಳಗೆ ಅತ್ತೆ ಗೋಡೆ ಕಡೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು. ಅತ್ತೆ ಆ ಕೋಣೆಯಲ್ಲಿದ್ದರೆ ಸೊಸೆ ಅಡುಗೆಮನೆಯಲ್ಲಿ, ಸೊಸೆ ಇಲ್ಲಿದ್ದರೆ ಅತ್ತೆ ಅಲ್ಲಿ. ಹಾಗೆ ಆ ಮನೆ ಎರಡಾಗಿತ್ತು.

ಇನ್‌ಸ್ಪೆಕ್ಟರು ಕಾಗದ ತೆಗೆದು ಮೊದಲು ಮುದುಕಿಯ ಕೈಗೇ ಕೊಟ್ಟರು. ಆಕೆ ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ತಲುಪಿದ್ದಾರೆ. ಮಾತಾಡಿದೆ. ನೆಮ್ಮದಿಯಾಗಿ ಮಲಗಿ. ಕೆಳಗೆ ಸೊಸೆಯ ಉತ್ತರ. ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದರು.

"ನಿಮ್ಮ ಸೊಸೆ ಹೇಳಿದ್ದು ನಿಜ ಅಮ್ಮ," ಎಂದರು ಇನ್‌ಸ್ಪೆಕ್ಟರು. "ಬರೆದವರು ಸಿಕ್ಕಿದ್ದಾರೆ. ಒಪ್ಕೊಂಡಿದ್ದಾರೆ." ನಡೆದದ್ದನ್ನು ಸಂಕ್ಷೇಪವಾಗಿ ಹೇಳಿದರು.

ಮುದುಕಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ನನ್ನ ಮಗ ಬೇಗ ಹೋದ್ನಾ ಸಾರ್?"

ಬೇಗ ಹೋದರು ಎಂಬ ಮಾತು ಇನ್‌ಸ್ಪೆಕ್ಟರ ನಾಲಿಗೆಯ ತುದಿಗೇ ಬಂತು. ಎಷ್ಟು ಸುಲಭದ ಮಾತು; ಇಬ್ಬರು ಹೆಂಗಸರೂ ಇವತ್ತು ಕಣ್ಣು ಮುಚ್ಚಿಯಾರು. ಎಂಟು ಇಪ್ಪತ್ತಕ್ಕೆ ಮೇಷ್ಟ್ರ ಬೆರಳಿಗೂ ಹೀಗೇ ಸುಲಭವಾಗಿ ಬಂದಿರಬೇಕು.

"ಇಲ್ಲಮ್ಮ," ಎಂದರು. "ಬೆಳಿಗ್ಗೆ ಹತ್ತರ ತನಕ ಇದ್ರು."

ಸೊಸೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. "ಹತ್ತಕ್ಕೆ ನಾನು ಅಂಗಡಿ ತೆಗೆದು ಯಾರಿಗೋ ಕನ್ನಡಕ ಕೂರಿಸ್ತಿದ್ದೆ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಅವರು ಬರೆದಿದ್ದು ನಿಜ. ನಾನು ನಂಬಿದ್ದೂ ನಿಜ. ಆದ್ರೆ ಆ ರಾತ್ರಿ ನಾನು ಗಾಢವಾಗಿ ನಿದ್ದೆ ಮಾಡಿದೆ. ಒಂದು ಸಲವೂ ಎಚ್ಚರ ಆಗಲಿಲ್ಲ. ಒಂದು ಕೆಟ್ಟ ಕನಸು ಕೂಡ ಬೀಳಲಿಲ್ಲ."

ಮುದುಕಿ ಕಾಗದ ಮಡಚಿ ಪಕ್ಕಕ್ಕಿಟ್ಟರು. ಮಂಚದಿಂದ ಕಷ್ಟಪಟ್ಟು ಎದ್ದು, ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದು, ಸೊಸೆಯ ಕೈಯನ್ನು ಚೌಕಟ್ಟಿನಿಂದ ಬಿಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು.

"ನಾನೂ ಮಲಗಿದ್ದೆ ಕಣೇ," ಎಂದರು. "ಹೆತ್ತವಳು ನಾನು. ನನಗೂ ಏನೂ ಗೊತ್ತಾಗಲಿಲ್ಲ."